ನನ್ನ ಕಿಟಕಿಯಿಂದ ನೋಡಿದರೆ ತಪ್ಪಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳ ಜೊತೆ ಇದ್ದೇನೆ. ಅಣ್ಣ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ 6 ವರ್ಷದಿಂದ ಮಕ್ಕಳನ್ನು ಸ್ಕೂಲಿನಿಂದ ಕರೆತರುವುದು, ಹೋಂವರ್ಕ್ ಮಾಡಿಸುವುದು, ಜ್ವರ ಬಂದರೆ ರಜೆ ಹಾಕಿ ಪಕ್ಕದಲ್ಲಿ ಕೂರುವುದು ಎಲ್ಲ ನಾನೇ. ಈಗ ಪ್ರಮೋಷನ್ ಸಿಕ್ಕಿದೆ, ಬೇರೆ ಊರಿಗೆ ಹೋಗಬೇಕು. ಆರ್ಡರ್ ಬಂದು ಎರಡು ತಿಂಗಳಾಯಿತು, ಮನೆಯಲ್ಲಿ ಹೇಳಿದ್ದು ಹೋದ ವಾರ, ಇನ್ನು ಹತ್ತು ದಿನಕ್ಕೆ ಹೊರಡಬೇಕು. ಅಣ್ಣ "ನೀನು ಯಾವಾಗಲೂ ಎಲ್ಲವನ್ನೂ ನಿನ್ನ ಕಡೆಯಿಂದಲೇ ನೋಡ್ತೀಯ" ಅಂದ. ಅಮ್ಮ "ಇಷ್ಟು ಸ್ವಾರ್ಥ ಎಲ್ಲಿಂದ ಬಂತೇ ನಿನಗೆ" ಅಂದರು. ಅವತ್ತಿನಿಂದ ನಿದ್ದೆ ಇಲ್ಲ. ನನ್ನ ಬದುಕನ್ನು ನನ್ನ ಕಡೆಯಿಂದ ನೋಡುವುದು ತಪ್ಪಾ? (ಹೆಸರು ಹಾಕಬೇಡಿ)

ಉತ್ತರ: ಹೋಗಿ. ನಿಮ್ಮ ಪತ್ರಕ್ಕೆ ನನ್ನ ಉತ್ತರ ಇಷ್ಟೇ. ಉಳಿದದ್ದು ನಿಮ್ಮ ನಿದ್ದೆಗೋಸ್ಕರ ಬರೆಯುತ್ತಿದ್ದೇನೆ.

ಅಣ್ಣ ಹೇಳಿದ್ದು ಒಂದು ಮಾತು, ಅಮ್ಮ ಹೇಳಿದ್ದು ಬೇರೆಯೇ ಒಂದು ಮಾತು. ನೀವು ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಅಳುತ್ತಾ ಕೂತಿದ್ದೀರಿ. ಬಿಚ್ಚೋಣ.

ನಿಮ್ಮ ಕಡೆಯಿಂದ ನೋಡುವುದನ್ನು ನೀವು ಬೇಕು ಅಂತ ಆರಿಸಿಕೊಂಡಿಲ್ಲ. ಕಣ್ಣು ಇರುವುದು ನಿಮ್ಮ ಮುಖದಲ್ಲಿ, ಅಣ್ಣನ ಮುಖದಲ್ಲಲ್ಲ. ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಅನ್ನುವವನನ್ನು ಸ್ವಾರ್ಥದ ವಕೀಲ ಅಂತಲೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಕಟುಕನೂ ರೊಟ್ಟಿ ಸುಡುವವನೂ ನಮಗೆ ಊಟ ಒದಗಿಸುವುದು ದಯೆಯಿಂದಲ್ಲ, ತಮ್ಮ ಲಾಭಕ್ಕೆ ಅಂತ 1776ರಲ್ಲಿ ಬರೆದನಲ್ಲ, ಅದಕ್ಕೆ. (ಆ ಮಹಾಶಯ ಬಹುಕಾಲ ತಾಯಿಯ ಜೊತೆಗೇ ಇದ್ದವನು, ಮನೆ ನಡೆಸಿದ್ದು ಅವನ ಸೋದರಸಂಬಂಧಿ ಹೆಂಗಸೊಬ್ಬರು. ಅವರಿಬ್ಬರು ಯಾವ ಲಾಭಕ್ಕೆ ದುಡಿದರು ಅಂತ ಅವನು ಆ ಸಾಲಿನಲ್ಲಿ ಬರೆಯಲಿಲ್ಲ. ಇರಲಿ.) ಅವನದೇ ಇನ್ನೊಂದು ಪುಸ್ತಕ ಇದೆ, ನೀತಿಯ ಬಗ್ಗೆ. ಮೊದಲು ಅಚ್ಚಾದದ್ದು 1759ರಲ್ಲಿ, 1790ರಲ್ಲಿ ಸಾಯುವ ಹೊತ್ತಿನವರೆಗೂ ಅದನ್ನು ತಿದ್ದುತ್ತಲೇ ಇದ್ದ. ಅದರಲ್ಲಿ ಒಂದು ಕಡೆ ಹೇಳುತ್ತಾನೆ, ನಾನು ಕೂತು ಬರೆಯುತ್ತಿರುವ ಈ ಚಿಕ್ಕ ಕಿಟಕಿಯಲ್ಲಿ ಆಚೆಗಿರುವ ಬಯಲು, ಕಾಡು, ದೂರದ ಬೆಟ್ಟ ಎಲ್ಲವೂ ಹಿಡಿಸಿಬಿಡುತ್ತವೆ ಅಂತ. ಬೆಟ್ಟ ಕಿಟಕಿಯಷ್ಟೇ ಕಾಣುತ್ತದೆ. ಕಣ್ಣಿಗೆ ಅದು ಹಾಗೇ ಕಾಣಬೇಕು, ಅದರಲ್ಲಿ ಕಣ್ಣಿನ ದೋಷ ಏನೂ ಇಲ್ಲ. ಬೆಟ್ಟ ನಿಜವಾಗಿ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಮನಸ್ಸಿನಲ್ಲಾದರೂ ಎದ್ದು ಬೇರೆ ಕಡೆ ಹೋಗಿ ನಿಂತು ನೋಡಬೇಕು.

ಅದೇ ಜಾಗದಲ್ಲಿ ಇನ್ನೊಂದು ಮಾತು ಬರುತ್ತದೆ, ಅದು ನನಗೆ ಇನ್ನೂ ಇಷ್ಟ. ಒಬ್ಬ ಮನುಷ್ಯನಿಗೆ ನಾಳೆ ಕಿರುಬೆರಳು ಹೋಗುತ್ತದೆ ಅಂತ ಗೊತ್ತಾದರೆ ಇವತ್ತು ರಾತ್ರಿ ಅವನು ನಿದ್ದೆ ಮಾಡುವುದಿಲ್ಲ. ಆದರೆ ದೂರದ ಚೀನಾದಲ್ಲಿ ಭೂಕಂಪವಾಗಿ ಹತ್ತು ಕೋಟಿ ಜನ ಹೋದರು ಅಂತ ಕೇಳಿದರೆ ಅಯ್ಯೋ ಪಾಪ ಅಂತಾನೆ, ಬದುಕು ನಶ್ವರ ಅಂತ ನಾಲ್ಕು ಮಾತಾಡುತ್ತಾನೆ, ಆಮೇಲೆ ಗೊರಕೆ ಹೊಡೆಯುತ್ತಾನೆ. ಅವನನ್ನು ಸ್ಮಿತ್ ರಾಕ್ಷಸ ಅನ್ನುವುದಿಲ್ಲ. ನಾವೆಲ್ಲ ಹಾಗೆಯೇ, ಸುಮ್ನೆ ಬೇರೆ ತರಹ ನಟಿಸುವುದು ಬೇಡ. ಆದರೆ ಸ್ಮಿತ್ ಮುಂದೆ ಕೇಳುವ ಪ್ರಶ್ನೆ ಹರಿತ. ಆ ಬೆರಳು ಉಳಿಸಿಕೊಳ್ಳಲು ಆ ಹತ್ತು ಕೋಟಿ ಜನರ ಪ್ರಾಣ ಕೊಡ್ತೀಯಾ ಅಂತ ಕೇಳಿದರೆ? ಅದೇ ಗೊರಕೆಯವನು ಬೆಚ್ಚಿಬೀಳುತ್ತಾನೆ. ಎಂಥ ಕೆಟ್ಟವನೂ ಬೆಚ್ಚುತ್ತಾನೆ. ನಮಗೆ ಏನು ದೊಡ್ಡದಾಗಿ ಕಾಣುತ್ತದೆ ಅನ್ನುವುದು ಒಂದು, ಅದಕ್ಕಾಗಿ ಏನು ಮಾಡಲು ಒಪ್ಪುತ್ತೇವೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಿಮ್ಮನ್ನು ಬೈದರೆ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಅಮ್ಮನ ಮಾತು. ಸ್ವಾರ್ಥ ಅನ್ನುವ ಪದ ಒಳ್ಳೆಯದೇ, ತನ್ನ ಉದ್ದೇಶ ಅಂತಷ್ಟೇ ಅದರ ಹುಟ್ಟು. ಬಳಸಿ ಬಳಸಿ ಬೈಗುಳ ಆಗಿದೆ. ಅದನ್ನು ಯಾರು, ಯಾವಾಗ ಬಳಸುತ್ತಾರೆ ಅಂತ ಒಂದು ವಾರ ಸುಮ್ಮನೆ ಗಮನಿಸಿ. ಆರು ವರ್ಷ ನೀವು ರಜೆ ಹಾಕಿ ಮಕ್ಕಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ "ಎಂಥ ನಿಸ್ವಾರ್ಥಿ" ಅಂತ ಯಾರಾದರೂ ಅಂದರಾ? ಪತ್ರದಲ್ಲಿ ಹಾಗೊಂದು ಮಾತು ಕಾಣಲಿಲ್ಲ. ಬಿಟ್ಟಿಯಾಗಿ ಸಿಗುತ್ತಿದ್ದದ್ದು ನಿಂತ ದಿನ ಮಾತ್ರ ಹೊರಗೆ ಬರುವ ಪದ ಅದು. ಅದನ್ನು ಹೇಳುವವರ ಲಾಭವೂ ಅದರಲ್ಲಿ ಇರುತ್ತದೆ, ಆದರೆ ಅವರಿಗೆ ಅದು ಕಾಣುವುದಿಲ್ಲ, ಯಾಕೆಂದರೆ ಅವರೂ ಅವರ ಕಿಟಕಿಯಲ್ಲೇ ಕೂತಿದ್ದಾರೆ.

ಇಲ್ಲಿಯವರೆಗೆ ಓದಿ ನಿಮಗೆ ಖುಷಿಯಾಗಿರಬಹುದು. ಇನ್ನು ಸ್ವಲ್ಪ ಕಹಿ.

ಪತ್ರದ ಮಧ್ಯದಲ್ಲಿ ಒಂದು ಸಾಲನ್ನು ನೀವು ಬೇಗ ಬೇಗ ದಾಟಿಸಿದ್ದೀರಿ. ಆರ್ಡರ್ ಬಂದು ಎರಡು ತಿಂಗಳು, ಹೇಳಿದ್ದು ಹೋದ ವಾರ. ಜಗಳ ಆಗುತ್ತದೆ ಅಂತ ಹೆದರಿ ಮುಚ್ಚಿಟ್ಟಿರಿ, ಅಲ್ವಾ? ಅರ್ಥವಾಗುತ್ತದೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಅಣ್ಣನ ಜಾಗದಲ್ಲಿ ಒಂದು ನಿಮಿಷ ಕೂತು ನೋಡಿ. ಅವನಿಗೆ ಎರಡು ತಿಂಗಳು ಸಿಕ್ಕಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಯಾರನ್ನಾದರೂ ಹುಡುಕುತ್ತಿದ್ದ, ಇಲ್ಲ ಆಫೀಸಿನಲ್ಲಿ ಶಿಫ್ಟ್ ಬದಲಾಯಿಸಿಕೊಳ್ಳುತ್ತಿದ್ದ, ಇಲ್ಲ ಮಕ್ಕಳನ್ನೇ ನಿಧಾನವಾಗಿ ತಯಾರು ಮಾಡುತ್ತಿದ್ದ. ಈಗ ಅವನ ಕೈಗೆ ಸಿಕ್ಕಿರುವುದು ಹತ್ತು ದಿನ. ನಿಮ್ಮ ನೆಮ್ಮದಿಯ ಏಳೆಂಟು ವಾರದ ಖರ್ಚನ್ನು ಅವನ ಲೆಕ್ಕಕ್ಕೆ ಬರೆದಿರಿ, ಅವನಿಗೆ ಹೇಳದೆ. ಹೋಗುವುದು ತಪ್ಪಲ್ಲ, ಇದು ತಪ್ಪು.

ಕಾಂಟ್ ಅಂತ ಜರ್ಮನಿಯ ದೊಡ್ಡ ತತ್ವಜ್ಞಾನಿ 1795ರಲ್ಲಿ ಒಂದು ಅಳತೆಗೋಲು ಕೊಟ್ಟ. ಇನ್ನೊಬ್ಬರ ಹಕ್ಕಿಗೆ ತಾಗುವ ಕೆಲಸವನ್ನು ಬಹಿರಂಗವಾಗಿ ಹೇಳಿಕೊಂಡು ಮಾಡಲು ಆಗುವುದಿಲ್ಲ ಅಂದರೆ ಆ ಕೆಲಸ ಅನ್ಯಾಯದ್ದು ಅಂತ. ಅವನು ಹೇಳಿದ್ದು ದೇಶ ದೇಶಗಳ ನಡುವಿನ ರಾಜಕೀಯದ ಬಗ್ಗೆ, ಅಣ್ಣ ತಂಗಿಯರ ಬಗ್ಗೆ ಅಲ್ಲ. ನಾನು ಕದ್ದು ಮನೆಯೊಳಗೆ ತಂದಿದ್ದೇನೆ, ಯಾಕೆಂದರೆ ಇಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. "ನನಗೆ ಈ ಕೆಲಸ ಬೇಕು, ಹೋಗ್ತೀನಿ" ಅನ್ನುವುದನ್ನು ಊಟಕ್ಕೆ ಕೂತಾಗ ಎಲ್ಲರ ಎದುರು ಹೇಳಬಹುದು. "ಹೇಳಿದರೆ ತಡೀತಾರೆ, ಕೊನೇ ಗಳಿಗೆಯಲ್ಲಿ ಹೇಳೋಣ" ಅನ್ನುವುದನ್ನು ಹೇಳಲು ಆಗುವುದಿಲ್ಲ, ಹೇಳಿದ ಕೂಡಲೇ ಅದು ಕೆಲಸ ಮಾಡುವುದಿಲ್ಲ.

ಹಾಗಾಗಿ ಅಣ್ಣನ ಹತ್ತಿರ ಕ್ಷಮೆ ಕೇಳಿ, ಅದೊಂದಕ್ಕೆ ಮಾತ್ರ. "ಹೋಗ್ತಿರೋದಕ್ಕೆ ಅಲ್ಲ ಕಣೋ, ಮುಚ್ಚಿಟ್ಟಿದ್ದಕ್ಕೆ" ಅಂತ ಬಿಡಿಸಿ ಹೇಳಿ. ಮಕ್ಕಳಿಗೆ ನೀವೇ ಹೇಳಿ, ಅವರಿಗೆ ಇನ್ನೂ ಯಾರೂ ಹೇಳಿಲ್ಲ ಅಂತ ನನ್ನ ಅನುಮಾನ. ಸಾಧ್ಯವಾದರೆ ಆಫೀಸಿನಲ್ಲಿ ಎರಡು ವಾರ ಜಾಸ್ತಿ ಕೇಳಿ ನೋಡಿ. ಕೊಡಲಿಲ್ಲ ಅಂದರೆ ಹತ್ತನೇ ದಿನ ಹೊರಡಿ.

ಪ್ರಶ್ನೆ: ಲೋಕದಲ್ಲಿ ನಿಸ್ವಾರ್ಥ ಅನ್ನುವುದೇ ಇಲ್ಲ. ದಾನ ಮಾಡುವವನೂ ತನ್ನ ಖುಷಿಗೇ ಮಾಡುತ್ತಾನೆ. ಗಂಡ ಪ್ರಿಯನಾಗುವುದು ಗಂಡನಿಗೋಸ್ಕರ ಅಲ್ಲ, ತನಗೋಸ್ಕರ ಅಂತ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನೇ ಹೆಂಡತಿ ಮೈತ್ರೇಯಿಗೆ ಹೇಳಿದ್ದಾನೆ. ಒಪ್ಪುತ್ತೀರಾ?

ಉತ್ತರ: ಯಾಜ್ಞವಲ್ಕ್ಯರನ್ನು ಪಾಪ ಬಿಟ್ಟುಬಿಡಿ. ನೀವು "ತನಗೋಸ್ಕರ" ಅಂದ ಕಡೆ ಅಲ್ಲಿ ಬರುವ ಪದ ಆತ್ಮ. ನಿಮ್ಮಲ್ಲೂ ನಿಮ್ಮ ಪಕ್ಕದವರಲ್ಲೂ ಒಂದೇ ಆಗಿರುವ ವಸ್ತು ಅಂತ ಅವರು ಹೇಳುವ ಆತ್ಮ. ಅದನ್ನು "ನನ್ನ ಖುಷಿ, ನನ್ನ ಜೇಬು" ಅಂತ ಓದಿದರೆ ಆ ಮಾತು ತಲೆಕೆಳಗಾಗುತ್ತದೆ.

ನಿಮ್ಮ ವಾದ ಹೊಸದೇನಲ್ಲ. ಇಂಗ್ಲೆಂಡಿನ ಥಾಮಸ್ ಹಾಬ್ಸ್, ಮನುಷ್ಯನ ಸ್ವಾರ್ಥದ ಬಗ್ಗೆ ಬರೆದು ಹೆಸರು ಕೆಡಿಸಿಕೊಂಡವನು, ಒಮ್ಮೆ ಲಂಡನ್ನಿನ ಬೀದಿಯಲ್ಲಿ ಒಬ್ಬ ಮುದುಕ ಭಿಕ್ಷುಕನಿಗೆ ಕಾಸು ಕೊಟ್ಟನಂತೆ. ಪಕ್ಕದಲ್ಲಿದ್ದ ಪಾದ್ರಿ, ಕ್ರಿಸ್ತ ಹೇಳಿರದಿದ್ದರೂ ಕೊಡುತ್ತಿದ್ದೆಯಾ ಅಂತ ಕೇಳಿದ. ಕೊಡುತ್ತಿದ್ದೆ, ಅವನ ಪಾಡು ನೋಡಿ ನನಗೆ ಸಂಕಟವಾಯಿತು, ಕೊಟ್ಟರೆ ಅವನಿಗೂ ಹಗುರ ನನಗೂ ಹಗುರ ಅಂದ ಹಾಬ್ಸ್. ಅವನ ಗೆಳೆಯ ಜಾನ್ ಆಬ್ರಿ ಬರೆದಿಟ್ಟ ಕಥೆ ಇದು. ಇದನ್ನು ಕೇಳಿದವರು ನಿಮ್ಮ ಹಾಗೇ "ನೋಡಿದ್ರಾ, ತನಗೋಸ್ಕರ ಕೊಟ್ಟ" ಅಂತಾರೆ. ಸರಿ, ಆದರೆ ಅವನಿಗೆ ಸಂಕಟ ಯಾಕಾಯಿತು? ಮುದುಕ ಯಾರೋ, ಹಸಿವು ಯಾರದೋ. ಅದು ತಾಗದವನಿಗೆ ಕೊಟ್ಟರೆ ಖುಷಿಯೂ ಆಗುವುದಿಲ್ಲ. ಇನ್ನೊಬ್ಬರು ಚೆನ್ನಾಗಿರಲಿ ಅನ್ನುವ ಆಸೆ ಮೊದಲು ಇದ್ದರೆ ತಾನೇ, ಆಮೇಲೆ ಅದು ಈಡೇರಿದ ಖುಷಿ? ಜೋಸೆಫ್ ಬಟ್ಲರ್ ಅನ್ನುವ ಪಾದ್ರಿ 1726ರಲ್ಲೇ ಅಚ್ಚಾದ ತನ್ನ ಪ್ರವಚನಗಳಲ್ಲಿ ಇದನ್ನು ಹೇಳಿ ಮುಗಿಸಿದ್ದಾನೆ. ಆದರೂ ಸ್ನೇಹಿತರ ನಡುವೆ ಈ ವಾದ ದಿನಾ ಗೆಲ್ಲುತ್ತಲೇ ಇರುತ್ತದೆ, ಕೇಳಲು ಜಾಣತನದ ಹಾಗಿದೆ ಅಂತ.

ಪ್ರಶ್ನೆ: ಮನೆಗೆಲಸದಲ್ಲಿ ಮುಕ್ಕಾಲು ಪಾಲು ನಾನು ಮಾಡುತ್ತೇನೆ ಅಂತ ನಾನು, ಅರ್ಧ ನಾನು ಮಾಡುತ್ತೇನೆ ಅಂತ ಇವರು. ಇವರು ಸುಳ್ಳು ಹೇಳುತ್ತಿದ್ದಾರೆ ಅಂತ ಹೇಗೆ ತೋರಿಸಿಕೊಡಲಿ?

ಉತ್ತರ: ಮುಕ್ಕಾಲೂ ಅರ್ಧವೂ ಸೇರಿ ಒಂದೂಕಾಲು ಆಯಿತು. ನಿಮ್ಮ ಮನೆಯಲ್ಲಿ ಇರುವುದಕ್ಕಿಂತ ಜಾಸ್ತಿ ಕೆಲಸ ನಡೆಯುತ್ತಿದೆ, ಅಭಿನಂದನೆ.

ಸುಳ್ಳು ಹೇಳುತ್ತಿಲ್ಲ ಅವರು. ನೀವೂ ಇಲ್ಲ. 1979ರಲ್ಲಿ ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೊಲಿ ಅನ್ನುವ ಮನಃಶಾಸ್ತ್ರಜ್ಞರು ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ ಇದನ್ನೇ ಕೇಳಿದರು, ಯಾವ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಲೆಕ್ಕ ಕೂಡಿಸಿದರೆ ನೂರು ದಾಟಿತು. ಮಜಾ ಏನೆಂದರೆ ಒಳ್ಳೆಯ ಕೆಲಸಕ್ಕೆ ಮಾತ್ರ ಹೀಗಾಗಲಿಲ್ಲ. ಜಗಳ ಶುರು ಮಾಡುವುದರಲ್ಲೂ ತಮ್ಮ ಪಾಲನ್ನೇ ಜಾಸ್ತಿ ಹೇಳಿಕೊಂಡರು! ಹೊಗಳಿಸಿಕೊಳ್ಳುವ ಆಸೆ ಒಂದರಿಂದಲೇ ಹೀಗಾಗಿದ್ದರೆ ಜಗಳದ ಪಾಲನ್ನು ಯಾರು ಕೇಳುತ್ತಿದ್ದರು? ನಾವು ಮಾಡಿದ್ದು ನಮಗೆ ಬೇಗ ನೆನಪಿಗೆ ಬರುತ್ತದೆ, ಅಷ್ಟೇ. ನೀವು ಬಟ್ಟೆ ಒಣಹಾಕಿದಾಗಲೆಲ್ಲ ನೀವು ಅಲ್ಲಿದ್ದಿರಿ, ಅವರು ಹಾಕಿದಾಗ ನೀವು ಇನ್ನೆಲ್ಲೋ ಇದ್ದಿರಿ.

ನನ್ನ ಕಥೆ ಹೇಳುತ್ತೇನೆ. ಅಪ್ಪ ಹಾಸಿಗೆ ಹಿಡಿದಾಗ ರಾತ್ರಿ ಪಾಳಿ ನಾನು, ನನ್ನ ತಂಗಿ, ತಮ್ಮ ಹಂಚಿಕೊಂಡಿದ್ದೆವು. ಮಾತ್ರೆ ಯಾವಾಗ ಕೊಟ್ಟೆವು, ಜ್ವರ ಎಷ್ಟಿತ್ತು ಅಂತ ಬರೆಯಲು ಮಂಚದ ಕಾಲಿಗೆ ದಾರದಲ್ಲಿ ಒಂದು ನೋಟ್ ಪುಸ್ತಕ ಕಟ್ಟಿದ್ದೆವು, ಪೆನ್ನನ್ನೂ ಅದಕ್ಕೇ ಕಟ್ಟಿದ್ದೆವು, ಇಲ್ಲದಿದ್ದರೆ ತಮ್ಮ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಅಪ್ಪ ಹೋಗಿ ಎಷ್ಟೋ ದಿನದ ಮೇಲೆ ಮಾತಿಗೆ ಮಾತು ಬೆಳೆದು, ಎಲ್ಲ ನಾನೇ ಅಲ್ವಾ ಮಾಡಿದ್ದು ಅಂತ ನಾನು ಅಂದುಬಿಟ್ಟೆ. ತಂಗಿ ಏನೂ ಮಾತಾಡದೆ ಒಳಗೆ ಹೋಗಿ ಆ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಎಣಿಸಿದೆ. ನನ್ನ ಅಕ್ಷರ 19 ರಾತ್ರಿ. ಅವಳದು 26. ಏನೂ ಮಾಡಲಿಲ್ಲ ಅಂತ ನಾನು ಅಂದುಕೊಂಡಿದ್ದ ತಮ್ಮನದು 14. "2.40, ನೀರು ಕೇಳಿದರು. 2.55, ಮತ್ತೆ ಕೇಳಿದರು. 3.10, ನನ್ನ ಹೆಸರು ಮರೆತರು" ಅಂತ ಅವನ ಸೊಟ್ಟ ಅಕ್ಷರದಲ್ಲಿ ಇತ್ತು. ನನಗೆ ಆ ರಾತ್ರಿ ಗೊತ್ತೇ ಇರಲಿಲ್ಲ, ನಾನು ಮಲಗಿದ್ದೆ. ನನ್ನ 19 ರಾತ್ರಿಗಳ ಒಂದೊಂದು ನಿಮಿಷವೂ ನನಗೆ ನೆನಪಿದ್ದವು, ಅವರಿಬ್ಬರ 40 ರಾತ್ರಿ ನನ್ನ ಪಾಲಿಗೆ ಬರೀ ಬೆಳಗಾಗಿತ್ತು.

ಆದ್ದರಿಂದ ತೋರಿಸಿಕೊಡಬೇಡಿ, ಬರೆದಿಡಿ. ಎರಡು ವಾರ ಸಾಕು, ಇಬ್ಬರೂ ಬರೆಯಿರಿ, ಗ್ಯಾಸ್ ಮುಗಿದದ್ದನ್ನು ನೆನಪಿಟ್ಟುಕೊಳ್ಳುವುದೂ ಮಗುವಿನ ಲಸಿಕೆಯ ದಿನ ತಲೆಯಲ್ಲಿ ಇಟ್ಟುಕೊಳ್ಳುವುದೂ ಕೆಲಸವೇ, ಅದೂ ಬರೆಯಬೇಕು. ನೀವು ಹೇಳುವ ಮುಕ್ಕಾಲು ನಿಜವೇ ಇರಬಹುದು, ಎಷ್ಟೋ ಮನೆಗಳಲ್ಲಿ ಹೆಂಗಸರ ಪಾಲು ನಿಜವಾಗಿಯೇ ಜಾಸ್ತಿ. ಆಗ ಪುಸ್ತಕ ನಿಮ್ಮ ಪರವಾಗಿ ಮಾತಾಡುತ್ತದೆ, ನೀವು ಕಿರುಚಬೇಕಾಗಿಲ್ಲ. ಇಲ್ಲದಿದ್ದರೆ ನನ್ನ ಹಾಗೆ ಸುಮ್ಮನಾಗಬೇಕಾಗುತ್ತದೆ.

ಪ್ರಶ್ನೆ: ತಾಯಿ ತನ್ನ ಬಗ್ಗೆ ಯೋಚಿಸುವುದು ತಪ್ಪಲ್ಲವೇ?

ಉತ್ತರ: ಅಲ್ಲ. ವಿಮಾನದಲ್ಲಿ ಆಮ್ಲಜನಕದ ಮುಖವಾಡ ಬಿದ್ದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ ಹಾಕಿ ಅಂತಾರಲ್ಲ, ಅದನ್ನು ಎಲ್ಲರೂ ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ. ಆದರೆ ಅಷ್ಟು ಎತ್ತರದಲ್ಲಿ ಒಂದು ನಿಮಿಷದೊಳಗೇ ತಲೆ ಓಡುವುದು ನಿಂತುಹೋಗಬಹುದು, ಆಮೇಲೆ ಮಗುವಿಗೂ ಹಾಕಲು ಬರುವುದಿಲ್ಲ. ಒಂದೇ ತಕರಾರು ನನ್ನದು. ಮಗುವಿಗೆ ಉಪಯೋಗವಾಗುತ್ತದೆ ಅನ್ನುವ ಕಾರಣ ಕೊಟ್ಟೇ ತಾಯಿ ಉಸಿರಾಡಬೇಕಾ? ಮಗು ಪಕ್ಕದಲ್ಲಿ ಇಲ್ಲದಿದ್ದಾಗಲೂ ಉಸಿರಾಡಲಿ.

ಪ್ರಶ್ನೆ: ನೀವು ಈ ಅಂಕಣ ಬರೆಯುವುದು ನಮ್ಮ ಒಳ್ಳೆಯದಕ್ಕಾ, ಸಂಭಾವನೆಗಾ?

ಉತ್ತರ: ಎರಡಕ್ಕೂ. ಸಂಭಾವನೆ ಬರದಿದ್ದರೂ ಎರಡು ತಿಂಗಳು ಬರೆಯುತ್ತೇನೆ, ನಿಮ್ಮ ಪತ್ರಗಳು ಅಷ್ಟು ಚೆನ್ನಾಗಿರುತ್ತವೆ. ಮೂರನೇ ತಿಂಗಳು ಸಂಪಾದಕರಿಗೆ ಫೋನ್ ಮಾಡುತ್ತೇನೆ.