ವರ್ಗಮೂಲದ ಹಿಂದಿರುವ ಷರತ್ತುಗಳು

ಪ್ರಿಯ ಲೇಖಕರೇ,

ಯಂತ್ರಭಾಗಗಳ ಜೋಡಣೆಯಲ್ಲಿ ಟಾಲರೆನ್ಸ್ (ಅಳತೆಯೊಂದು ನಿಗದಿತ ಅಂಕಿಯಿಂದ ಎಷ್ಟು ಆಚೀಚೆ ಆಗಬಹುದೆಂಬ ಮಿತಿ) ಲೆಕ್ಕ ಹಾಕುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ.

ನಿಮ್ಮ ಉದಾಹರಣೆ ಚೆನ್ನಾಗಿದೆ: 60.5 ಮಿ.ಮೀ. ಉದ್ದದ ಕವಚದೊಳಗೆ ಸಾಲಾಗಿ ಕೂರುವ, ತಲಾ 20 ಮಿ.ಮೀ. ಉದ್ದದ ಮೂರು ಬುಷ್‌ಗಳು (ಕೊಳವೆಯಂಥ ಬಿಡಿಭಾಗಗಳು); ನಾಲ್ಕೂ ಅಳತೆಗಳಿಗೆ ±0.1 ಟಾಲರೆನ್ಸ್, ಉಳಿಯುವ ಸಂದು 0.5. ವ್ಯತ್ಯಾಸಗಳೆಲ್ಲ ಒಂದೇ ಕಡೆಗೆ ಕೂಡಿಕೊಂಡರೆ ಸಂದು 0.1ಕ್ಕೆ ಇಳಿಯಬಹುದು, 0.9ಕ್ಕೆ ಏರಬಹುದು. ನಾಲ್ಕೂ ಟಾಲರೆನ್ಸ್‌ಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ±0.2 ಮಾತ್ರ, ಅಂದರೆ 0.3ರಿಂದ 0.7. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಮುಂದಿನ ಸಾಲಿನಲ್ಲೇ ‘ಆದ್ದರಿಂದ ಎರಡನೆಯ ವಿಧಾನವೇ ವಾಸ್ತವಕ್ಕೆ ಹತ್ತಿರ’ ಎಂದು ತೀರ್ಪು ಕೊಟ್ಟಿದ್ದೀರಿ. ಆ ವರ್ಗಮೂಲ ನಿಜವಾಗಬೇಕಾದರೆ ಪ್ರತಿ ಅಳತೆಯ ಸರಾಸರಿ ಡ್ರಾಯಿಂಗ್‌ನಲ್ಲಿರುವ ಅಂಕಿಯಲ್ಲೇ ನಿಂತಿರಬೇಕು. ಒಂದರ ಏರಿಳಿತಕ್ಕೂ ಇನ್ನೊಂದರ ಏರಿಳಿತಕ್ಕೂ ನಂಟಿರಬಾರದು. ಮೂರು ಬುಷ್‌ಗಳೂ ಒಂದೇ ಲೇತ್‌ನಲ್ಲಿ, ಸವೆಯುತ್ತಿರುವ ಒಂದೇ ಟೂಲ್‌ನಿಂದ ಬಂದಿದ್ದರೆ?

ನಾನೇ ಲೆಕ್ಕ ಹಾಕಿ ನೋಡಿದೆ. ಟೂಲ್ ಸವೆದು ಬುಷ್‌ಗಳ ಸರಾಸರಿ ಉದ್ದ 20.05ಕ್ಕೆ ಸರಿದಿದೆ, ಹರವು ±0.05 ಎಂದುಕೊಳ್ಳಿ. ಒಂದೊಂದಾಗಿ ಅಳೆದರೆ ಬಹುತೇಕ ಎಲ್ಲವೂ ಮಿತಿಯೊಳಗೇ ಇರುತ್ತವೆ, ತಪಾಸಣೆಯಲ್ಲಿ ಪಾಸಾಗುತ್ತವೆ. ಜೋಡಿಸಿದಾಗ ಮಾತ್ರ ಸಂದಿನ ಸರಾಸರಿ 0.35ಕ್ಕೆ ಕುಸಿಯುತ್ತದೆ. ಹರವುಗಳನ್ನು ಮೂರು ಸಿಗ್ಮಾ (ಪ್ರಮಾಣಿತ ವಿಚಲನೆಯ ಮೂರು ಪಟ್ಟು; ಬಹುತೇಕ ಎಲ್ಲ ಅಳತೆಗಳೂ ಅದರೊಳಗೆ ಬೀಳುತ್ತವೆ) ಎಂದು ಹಿಡಿದರೆ ನೂರು ಜೋಡಣೆಗಳಲ್ಲಿ ಸುಮಾರು 13ರ ಸಂದು 0.3ಕ್ಕಿಂತ ಕಿರಿದು! ನಿಮ್ಮ ಸೂತ್ರದ ಪ್ರಕಾರ ಎರಡೂ ಬದಿ ಸೇರಿ ಮಿತಿ ಮೀರಬೇಕಾದವು ಹತ್ತು ಸಾವಿರಕ್ಕೆ 27. ಲೇಖನದ ಜೀವಾಳವಾಗಬೇಕಾದ ಈ ಅಂತರವನ್ನು ನೀವು ಮುಟ್ಟಿಯೇ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತಂದಿತು.

ಮಾಂಟೆ ಕಾರ್ಲೊ ಭಾಗಕ್ಕೂ, ಅಂದರೆ ಯಾದೃಚ್ಛಿಕ ಅಳತೆಗಳಿಂದ ಕಂಪ್ಯೂಟರ್‌ನಲ್ಲಿ ಜೋಡಣೆಯನ್ನು ಮತ್ತೆ ಮತ್ತೆ ಅನುಕರಿಸಿ ನೋಡುವ ಭಾಗಕ್ಕೂ, ಇದೇ ಮಾತು. ಅಲ್ಲಿಯೂ ಸರಾಸರಿ ಸರಿಯದ, ಪರಸ್ಪರ ನಂಟಿಲ್ಲದ ಯಾದೃಚ್ಛಿಕ ಸಂಖ್ಯೆಗಳನ್ನೇ ಬಳಸಿದ್ದೀರಿ. ಹಾಗಾಗಿ ಹತ್ತು ಲಕ್ಷ ಸಲ ಓಡಿಸಿದರೂ ಅದೇ ±0.2 ಬಂದಿದೆ. ಅದನ್ನು ಸೂತ್ರಕ್ಕೆ ಪುರಾವೆ ಎಂದು ಕರೆಯಬೇಡಿ.

ಆರಂಭದ ಎರಡು ಪುಟಗಳ ಕೈಗಾರಿಕಾ ಇತಿಹಾಸವನ್ನು ತೆಗೆಯಿರಿ. ಅಲ್ಲಿ ಅಳತೆಗಳ ಸರಪಳಿಯ ಚಿತ್ರವೊಂದಿರಲಿ. ಯಾವ ಅಳತೆಯನ್ನು ಕೂಡಿಸಬೇಕು, ಯಾವುದನ್ನು ಕಳೆಯಬೇಕು ಎಂಬುದು ಬಾಣಗಳ ದಿಕ್ಕಿನಿಂದಲೇ ತಿಳಿಯಬೇಕು. ‘ಸಹಿಷ್ಣುತೆ’ ಎಂಬ ಅನುವಾದವೂ ಬೇಡ. ಲೇತ್ ಮುಂದೆ ನಿಲ್ಲುವವರು ಟಾಲರೆನ್ಸ್ ಎಂದೇ ಹೇಳುತ್ತಾರೆ, ಅವರೂ ಈ ಲೇಖನವನ್ನು ಓದಬೇಕೆಂಬುದು ನನ್ನ ಆಸೆ.

ತಿದ್ದಿದ ಪ್ರತಿಯಲ್ಲಿ ಸವೆದ ಟೂಲ್‌ನ ಲೆಕ್ಕ ಮೊದಲ ಪುಟಕ್ಕೇ ಬರಲಿ. ಕಾಯುತ್ತಿರುತ್ತೇನೆ.

ಸಂಪಾದಕ