ಟವೆಲ್ ಹಿಡಿದು ನಿಂತ ಗಂಡ, ಸೋಮಾರಿ ಎನ್ನುವ ಮೈದುನ

ತಂಗಿ, ನಿಮ್ಮ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ಅದೂ ನಿಮ್ಮ ಮೈದುನನ ಮೇಲೆ. ಅವನ ವಿಷಯ ಆಮೇಲೆ.

ಬೈಕ್ ಅಪಘಾತದಲ್ಲಿ ನಿಮ್ಮ ಗಂಡನ ತಲೆಗೆ ಪೆಟ್ಟಾಗಿ 14 ತಿಂಗಳಾಯಿತು. ಕೈಕಾಲು ಸರಿಯಿದೆ, ಮಾತು ಸರಿಯಿದೆ, ಈಚಿನ ಸ್ಕ್ಯಾನ್‌ನಲ್ಲೂ ಏನೂ ಕಾಣಲಿಲ್ಲ. ಆದರೆ ಬೆಳಗ್ಗೆ ಸೋಫಾ ಮೇಲೆ ಕೂತರೆ ಸಂಜೆವರೆಗೂ ಅಲ್ಲೇ. ಸಂಜೆಯಾದರೆ ಸಣ್ಣ ಮಾತಿಗೂ ರೇಗುತ್ತಾರೆ. ‘ಎಲ್ಲಾ ಸೋಮಾರಿತನ’ ಎನ್ನುತ್ತಾನೆ ಮೈದುನ. ‘ನೀನು ಮನೇಲಿದ್ದು ನೋಡ್ಕೋ’ ಎನ್ನುತ್ತಾರೆ ಅತ್ತೆ. ಕೆಲಸ ಬಿಡಲೇ ಎಂದು ಕೇಳಿದ್ದೀರಿ.

ಮೂರನೇ ಪುಟದಲ್ಲಿ ಒಂದು ಮಾತು ಬರೆದು ಹಾಗೇ ದಾಟಿಬಿಟ್ಟಿದ್ದೀರಿ. ಬಾತ್‌ರೂಮಿಗೆ ಕಳಿಸಿದರೆ ಟವೆಲ್ ಹಿಡಿದು ಸುಮ್ನೆ ನಿಂತಿರುತ್ತಾರೆ, ಹೊರಗಿನಿಂದ ‘ನೀರು ಹಾಕ್ಕೊಳ್ಳಿ’ ಎಂದರೆ ಸ್ನಾನ ಮುಗಿಸಿ ಬರುತ್ತಾರೆ. ಸೋಮಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಸ್ನಾನ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಾರೆ, ಟವೆಲ್ ಹಿಡಿದು ಯಾರಾದರೂ ಹೇಳಲಿ ಎಂದು ಕಾಯುವುದಿಲ್ಲ.

ಹಣೆಯ ಹಿಂದಿನ ಮಿದುಳಿಗೆ, ಇಲ್ಲವೇ ಅಲ್ಲಿಗೆ ಹೋಗಿ ಬರುವ ನರತಂತುಗಳಿಗೆ ಏಟಾದರೆ ಹೀಗಾಗುವುದುಂಟು. ತಂತುಗಳ ಗಾಯ ಸಾಮಾನ್ಯ ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಕೆಲಸ ಮಾಡಲು ಬರುತ್ತದೆ, ಶುರು ಮಾಡಲು ಆಗುವುದಿಲ್ಲ. ಗಾಡಿ ಚೆನ್ನಾಗಿದೆ, ಸೆಲ್ಫ್ ಸ್ಟಾರ್ಟ್ ಕೆಟ್ಟಿದೆ. ಈಗ ಬೆಳಗ್ಗೆಯಿಂದ ರಾತ್ರಿವರೆಗೆ ಕಿಕ್ ಹೊಡೆಯುತ್ತಿರುವವರು ನೀವು. ನೌಕರಿ ಬಿಟ್ಟು ಮನೆಯಲ್ಲಿ ಕೂತರೆ ಕಿಕ್ ಹೊಡೆಯುವುದು ಜಾಸ್ತಿಯಾಗುತ್ತದೆ, ಅಷ್ಟೇ.

ಹಾಗಾಗಿ ಬಿಡಬೇಡಿ. ಮನೆಯಲ್ಲಿ ಯಾರೇ ಕಾಯಿಲೆ ಬಿದ್ದರೂ ಎಲ್ಲರ ಕಣ್ಣು ಹೆಂಗಸಿನ ನೌಕರಿ ಮೇಲೇ ಏಕೆ ಬೀಳುತ್ತದೆ ಎಂದು ಈ ಅಂಕಣದಲ್ಲಿ ಕೇಳುತ್ತಲೇ ಬಂದಿದ್ದೇನೆ. ಮೈದುನನ ನೌಕರಿಯ ಮಾತು ಯಾರೂ ಎತ್ತಿಲ್ಲ, ಅಲ್ವಾ?

ಹೇಳುವ ಕೆಲಸವನ್ನು ಫೋನಿಗೆ ಒಪ್ಪಿಸಿ. ಇದು ನನ್ನ ಸ್ವಂತ ಬುದ್ಧಿಯಲ್ಲ. ಅಮೆರಿಕದಲ್ಲಿ ಒಬ್ಬ ಎಂಜಿನಿಯರ್, ತಲೆಗೆ ಪೆಟ್ಟಾಗಿದ್ದ ಮಗನಿಗಾಗಿ, ಮಿದುಳಿಗೆ ಪೆಟ್ಟಾದವರ ನೆನಪು, ನಡವಳಿಕೆ ಪರೀಕ್ಷಿಸುವ ನ್ಯೂರೋಸೈಕಾಲಜಿಸ್ಟ್ ಒಬ್ಬರ ಜೊತೆ ಸೇರಿ ‘ನ್ಯೂರೋಪೇಜ್’ ಎಂಬ ಏರ್ಪಾಡು ಮಾಡಿದ್ದರು. ಹೊತ್ತಿಗೆ ಸರಿಯಾಗಿ ಪೇಜರ್, ಅಂದರೆ ಚುಟುಕು ಸಂದೇಶ ತೋರಿಸುವ ಪುಟ್ಟ ಯಂತ್ರ, ಸದ್ದು ಮಾಡಿ, ಈಗ ಏನು ಮಾಡಬೇಕೆಂದು ತೋರಿಸುತ್ತಿತ್ತು. ಬ್ರಿಟನ್ನಿನ ಬಾರ್ಬರಾ ವಿಲ್ಸನ್ ತಂಡ 143 ಜನರನ್ನು ಸೇರಿಸಿ ಇದನ್ನು ಪರೀಕ್ಷಿಸಿ 2001ರಲ್ಲಿ ವರದಿ ಬರೆಯಿತು. ಪ್ರಯೋಗ ಪೂರ್ತಿ ಮಾಡಿದವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ದಿನದ ಕೆಲಸಗಳಲ್ಲಿ ಸುಧಾರಿಸಿದ್ದರು. ಪೇಜರ್ ವಾಪಸ್ ಕೊಟ್ಟ ಮೇಲೂ ಎಷ್ಟೋ ಜನರಿಗೆ ರೂಢಿ ಉಳಿಯಿತು.

ನೀವು ಸ್ನಾನ ಒಂದನ್ನೇ ಹಿಡಿಯಿರಿ. ದಿನಾ ಅದೇ ಹೊತ್ತಿಗೆ ಅಲಾರಂ. ಬಾತ್‌ರೂಮಿನ ಗೋಡೆಗೆ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ: ಟವೆಲ್ ನೇತುಹಾಕುವುದು, ನಲ್ಲಿ ತಿರುಗಿಸುವುದು, ಸೋಪು, ನೀರು, ಒರೆಸಿಕೊಳ್ಳುವುದು. ದೊಡ್ಡ ಅಕ್ಷರದಲ್ಲಿ ಅವರ ಕೈಯಲ್ಲೇ ಬರೆಸಿ. ನೀವು ಬಾಗಿಲ ಹತ್ತಿರ ನಿಲ್ಲದೆ ಸ್ನಾನ ಮುಗಿಯುವವರೆಗೆ ಎರಡನೇ ಕೆಲಸದ ಮಾತೇ ಬೇಡ.

ಸಂಜೆಯ ಸಿಟ್ಟಿಗೆ ಬಹುಪಾಲು ಕಾರಣ ಸುಸ್ತು. ಏಟು ತಿಂದ ಮಿದುಳು ಬೇಗ ದಣಿಯುತ್ತದೆ. ಮಧ್ಯಾಹ್ನ ಟಿವಿ ಸದ್ದಿಲ್ಲದ ಕಡೆ ಮಲಗಲಿ.

ಈಗ ಮೈದುನ. ಭಾನುವಾರ ಬಂದು ಅಣ್ಣನ ಎದುರು ಕೂತು ‘ಇದ್ಯಾರು ಹೇಳು, ಅದ್ಯಾವ ವರ್ಷ ಹೇಳು’ ಎಂದು ಪರೀಕ್ಷೆ ಮಾಡುತ್ತಾನಂತೆ. ನೆನಪು ತೀರಾ ಕೆಟ್ಟವರು ಊಹಿಸಿ ತಪ್ಪು ಹೇಳಿದರೆ ಆ ತಪ್ಪೇ ತಲೆಯಲ್ಲಿ ಕೂತುಬಿಡಬಹುದು. ಅದಕ್ಕೇ ಅಂಥವರಿಗೆ ಥೆರಪಿಸ್ಟ್‌ಗಳು ಉತ್ತರವನ್ನು ಮೊದಲೇ ಹೇಳಿಕೊಟ್ಟು, ತಪ್ಪಲು ಬಿಡದೆ ಕಲಿಸುತ್ತಾರೆ. ನಿಮ್ಮವರಿಗೆ ನೆನಪು ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಯಾರೂ ಸರಿಯಾಗಿ ಅಳೆದೇ ಇಲ್ಲ. ಖಿನ್ನತೆಯೂ ಹೊರಗಿನಿಂದ ಹೀಗೇ ಕಾಣುತ್ತದೆ, ಅದನ್ನೂ ನೋಡಿಸಬೇಕು. ನ್ಯೂರೋಸೈಕಾಲಜಿಸ್ಟ್ ಮತ್ತು ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಇಬ್ಬರೂ ಇರುವ ಕಡೆ ಕರೆದುಕೊಂಡು ಹೋಗಲಿ. ಹದಿನಾಲ್ಕು ತಿಂಗಳು ತಡವೇನಲ್ಲ. ಮೊದಲ ಕೆಲವು ತಿಂಗಳ ವೇಗ ಇರುವುದಿಲ್ಲ, ಆದರೆ ಸುಧಾರಣೆ ವರ್ಷಗಟ್ಟಲೆ ಮುಂದುವರಿಯಬಹುದು.

ಕರೆದುಕೊಂಡು ಹೋಗುವ ಕೆಲಸ ಮೈದುನನದು. ಅವನೇ ರಜೆ ಹಾಕಲಿ.