ಸೋಯಾ ಎಣ್ಣೆ ಒಂದೇ, ಲೇಬಲ್ ನಿಯಮ ಬೇರೆ ಯಾಕೆ?

ಕುಲಾಂತರಿ (ಅಂದರೆ ಪ್ರಯೋಗಾಲಯದಲ್ಲಿ ಡಿಎನ್‌ಎ ಬದಲಿಸಿದ) ಸೋಯಾದ ಎಣ್ಣೆಗೆ ಯುರೋಪಿನಲ್ಲಿ ‘ಕುಲಾಂತರಿ’ ಅಂತ ಲೇಬಲ್ ಬೇಕು, ಅಮೆರಿಕದಲ್ಲಿ ಯಾಕೆ ಬೇಡ ಅಂದರು ಅಂತ ಕೇಳಿದ್ದೀರಿ. ಜಗಳ ಇರುವುದೇ ಇಲ್ಲಿ. ಲೇಬಲ್ ಹೇಳಬೇಕಾದ್ದು ಬಾಟಲಿಯೊಳಗೆ ಏನಿದೆ ಅಂತಲೋ, ಅದು ಯಾವ ಬೆಳೆಯಿಂದ ಬಂತು ಅಂತಲೋ?

ಎಣ್ಣೆಯನ್ನು ಚೆನ್ನಾಗಿ ಶುದ್ಧ ಮಾಡಿದರೆ ಆ ಬದಲಿಸಿದ ಡಿಎನ್‌ಎ ಪತ್ತೆಯಾಗುವಷ್ಟು ಉಳಿಯುವುದು ಕಷ್ಟ. ಹಾಗಾಗಿ 2022ರಲ್ಲಿ ಕಡ್ಡಾಯವಾದ ಅಮೆರಿಕದ ನಿಯಮ ಇಂಥ ಎಣ್ಣೆ, ಸಕ್ಕರೆಗಳನ್ನು ಹೊರಗಿಟ್ಟಿತು. ಯುರೋಪ್ 2004ರಿಂದಲೇ ಮೂಲ ನೋಡುತ್ತದೆ. ಡಿಎನ್‌ಎ ಸಿಗದಿದ್ದರೂ ಬರೆಯಲೇಬೇಕು. ಗೊತ್ತಿಲ್ಲದೆ ಕುಲಾಂತರಿ ಬೆರೆತರೆ ಅಲ್ಲಿ ಪ್ರತಿ ಪದಾರ್ಥಕ್ಕೆ 0.9% ತನಕ ಲೇಬಲ್‌ನಿಂದ ವಿನಾಯಿತಿ, ಅಮೆರಿಕದಲ್ಲಿ 5%.

ನನಗೆ ಯುರೋಪಿನ ದಾರಿಯೇ ಸರಿ ಅನಿಸುತ್ತದೆ. ಅನುಮತಿ ಪಡೆದ ಕುಲಾಂತರಿ ಆಹಾರ ಅಪಾಯ ಅಂತ ಅಲ್ಲ. ಯಾವ ಬಗೆಯ ಬೇಸಾಯಕ್ಕೆ ತಮ್ಮ ದುಡ್ಡು ಹೋಗುತ್ತದೆ ಅಂತ ಕೊಳ್ಳುವವರಿಗೆ ಗೊತ್ತಾಗಬೇಕು, ಅಲ್ವಾ?